ತೊಗಲಕ್ಕ ಅರ್ಧ ಕೇಳಿದ ಪ್ರಶ್ನೆ

ತೊಗಲಕ್ಕನ ಅಂಗಡಿಯಲ್ಲಿ ಮೂರು ಕುರ್ಚಿಗಳಿವೆ. ಅವುಗಳಲ್ಲಿ ಒಂದರ ಮೇಲಾದರೂ ಅವಳು ಕೂತದ್ದನ್ನು ಕಂಡವರಿಲ್ಲ. ಒಂದರ ಮೇಲೆ ಸುತ್ತಿಟ್ಟ ತೊಗಲಿನ ಸುರುಳಿ, ಒಂದರ ಮೇಲೆ ಗಿರಾಕಿ, ಇನ್ನೊಂದರ ಮೇಲೆ ಗಂಡ. ಅವಳು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿಸುವ ಮೇಜಿಗೂ ಹೊಲಿಗೆ ಯಂತ್ರಕ್ಕೂ ಕಿಟಕಿಗೂ ನಡುವೆ ಓಡಾಡಿಕೊಂಡೇ ಇರುತ್ತಾಳೆ. ಹೊಲಿಗೆ ಯಂತ್ರವನ್ನೂ ಎತ್ತರದ ಕಟ್ಟೆಯ ಮೇಲೆ ಇಡಿಸಿಕೊಂಡು ನಿಂತೇ ಹೊಲಿಯುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವಳ ತಾಯಿಯೇ ಹೇಳುತ್ತಿದ್ದರಂತೆ. ಐವತ್ತಾರು ವರ್ಷವಾದರೂ ಆ ಚಕ್ರ ಸವೆದಿಲ್ಲ.

ಅಂಗಡಿ ಇರುವುದು ಸೈಕಲ್ ರಿಪೇರಿಯವನ ಮೇಲಿನ ಮಹಡಿಯಲ್ಲಿ. ಅಳತೆ ಕೊಟ್ಟವರಿಗೆ ತೊಗಲಿನ ಕೋಟು, ತೋಳಿಲ್ಲದ ಅಂಗಿ, ಕೈಗವಸು, ಬೆಸುಗೆ ಹಾಕುವವರಿಗೆ ಎದೆಯಿಂದ ಮೊಣಕಾಲಿನವರೆಗಿನ ಏಪ್ರನ್ನು, ಇವೇ ಅವಳ ಕಸುಬು. ಸಿದ್ಧ ಉಡುಪು ಮಾರುವವಳಲ್ಲ. ಅವಳ ಬಳಿ ಕೋಟು ಹೊಲಿಸಬೇಕಾದರೆ ಮೊದಲು ಅವಳು ಹೇಳಿದಂತೆ ಕುಣಿಯಬೇಕು. ಬಗ್ಗಿ ಎನ್ನುತ್ತಾಳೆ, ಕೈ ಚಾಚಿ ಎನ್ನುತ್ತಾಳೆ, ಬಿದ್ದ ಪೆನ್ಸಿಲ್ ಎತ್ತಿಕೊಡಿ ಎನ್ನುತ್ತಾಳೆ. ಆಮೇಲೆ ಕೋರಾ ಬಟ್ಟೆಯಲ್ಲಿ ಒಂದು ಕೋಟು ಹೊಲಿದು ತೊಡಿಸಿ, ಸೀಮೆಸುಣ್ಣದಲ್ಲಿ ಗೀಚಿ, ಬಿಚ್ಚಿ, ಮತ್ತೆ ತೊಡಿಸಿ ನೋಡುತ್ತಾಳೆ. ಇಷ್ಟಾದ ಮೇಲೆಯೇ ತೊಗಲಿಗೆ ಕತ್ತಿ. ಅದಕ್ಕೆ ಕಾರಣವಿದೆ. ಬಟ್ಟೆಯಲ್ಲಿ ತಪ್ಪಿದರೆ ನೂಲು ಬಿಚ್ಚಿ ಮತ್ತೆ ಹೊಲಿಯಬಹುದು. ತೊಗಲಿನಲ್ಲಿ ಸೂಜಿ ಇಳಿದ ತೂತು ಕೊನೆಯವರೆಗೂ ತೂತೇ.

ಕೈಗೆ ಅಷ್ಟು ತಾಳ್ಮೆ. ಅದರಲ್ಲಿ ಕಾಲು ಭಾಗ ಬಾಯಿಗೆ ಬಂದಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅಂಗಡಿಯ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಫೋನ್ ನಂಬರೂ ಒಂದು ಸಾಲೂ ಇದೆ: ತೊಗಲಿನ ಬಗ್ಗೆ ಏನೇ ಅನುಮಾನವಿದ್ದರೂ ನಾಲ್ಕರಿಂದ ಐದರವರೆಗೆ ಕೇಳಿ. ಹದಿನೈದು ವರ್ಷದಿಂದ ಆ ಒಂದು ಗಂಟೆ ಫೋನಿಗೆ ಪುರುಸೊತ್ತಿಲ್ಲ. ತಂತಿ ಇರುವ ಹಳೆಯ ಫೋನು; ಕರೆದವರ ನಂಬರ್ ತೋರಿಸುವ ಜಾಯಮಾನದ್ದಲ್ಲ, ಆದರೆ ಗುಂಡಿ ಒತ್ತಿದರೆ ಮಾತು ಕೋಣೆಗೆಲ್ಲ ಕೇಳುತ್ತದೆ. ಗುಂಡಿ ಒತ್ತುವ ಕೆಲಸ ಗಂಡನದು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದ ಕಂಡಕ್ಟರು ಅವರು. ಹಿಂದಿನ ಸೀಟಿನಲ್ಲಿ ಯಾರು ಏನು ಗೊಣಗಿದರು ಎಂಬುದನ್ನು ಮುಂದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಕಿವಿ.

“ಅಕ್ಕಾ, ನನ್ನ ಕೋಟಿಗೆ ಬೂಷ್ಟು—”

“ಹೊರಗೆ ಗಾಳೀಲಿ ಒಣ ಬ್ರಷ್ ಹಾಕಿ ಉಜ್ಜಿ. ಬಿಸಿಲಿಗೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ರಿ, ಅಲ್ವಾ? ಇನ್ಮೇಲೆ ಇಡಬೇಡಿ.”

“ಅಮ್ಮಾ, ಮಿಷನ್ ಸೂಜಿ ಪದೇ ಪದೇ—”

“ಬಟ್ಟೆ ಸೂಜಿ ಹಾಕಿದೀರ. ತೊಗಲಿನ ಸೂಜಿ ತಗೊಳ್ಳಿ, ಹೊಲಿಗೆ ಉದ್ದ ಮಾಡಿ. ಗುಂಡುಸೂಜಿ ಚುಚ್ಚೀರ, ಜೋಕೆ! ಕ್ಲಿಪ್ ಹಾಕಿ.”

ಎದುರಿನವರು ಬಾಯಿ ಬಿಡುವಷ್ಟರಲ್ಲಿ ಅವಳಿಗೆ ಉತ್ತರ ಗೊತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸರಿಯಾಗಿಯೇ ಇರುತ್ತದೆ. ಅದೇ ತೊಂದರೆ. ಸರಿ ಹೇಳಿ ಹೇಳಿ ಅವಳಿಗೆ ಪೂರ್ತಿ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

ಒಂದು ಗುರುವಾರ, ಐದಕ್ಕೆ ಹತ್ತು ನಿಮಿಷವಿದ್ದಾಗ, ಒಬ್ಬ ಗಂಡಸಿನ ದಪ್ಪ ದನಿ ಕೇಳಿತು. ಹಿಂದೆ ಲಾರಿಗಳ ಸದ್ದು.

“ಅಕ್ಕಾ, ಗುಂಡಿ ಅಂಗಡಿಯವರು ನಿಮ್ಮ ನಂಬರ್ ಕೊಟ್ರು. ನನ್ನ ಹತ್ರ ನಮ್ಮಪ್ಪನ ತೊಗಲಿನ ಕೋಟಿದೆ. ತುಂಬ ಹಳೇದು, ಕಬ್ಬಿಣದ ಟ್ರಂಕಲ್ಲಿತ್ತು. ಒಣಗಿಹೋಗಿದೆ. ಮುಟ್ಟಿದ್ರೆ ಕೈಗೆಲ್ಲ ಕೆಂಪಗೆ—”

“ಟ್ರಂಕಿನ ತುಕ್ಕು. ಬಟ್ಟೆ ಒದ್ದೆ ಮಾಡಿ, ಹಿಂಡಿ, ಒರೆಸಿ. ನೆರಳಲ್ಲಿ ಆರಲಿ.”

“ಅಲ್ಲ ಅಕ್ಕಾ, ನಾನು ಕೇಳ್ಬೇಕು ಅಂದಿದ್ದು ಏನಂದ್ರೆ—”

“ಎಣ್ಣೆ ತಾನೆ? ಆರಿದ ಮೇಲೆ. ಅಡುಗೆ ಎಣ್ಣೆ ಹಚ್ಚಬೇಡಿ, ತೊಗಲಿಗೇಂತ ಬರೋದು ಸಿಗುತ್ತೆ. ತೆಳ್ಳಗೆ, ಎರಡು ಸಲ. ಆಯ್ತಾ?”

ಆ ಕಡೆ ಒಂದು ಲಾರಿ ಹಾರ್ನ್ ಹೊಡೆಯಿತು.

“ಆಯ್ತು. ನಾಳೆ ನಂಗೆ ರಜ. ಮಧ್ಯಾಹ್ನ ಮಾಡ್ತೀನಿ” ಎಂದು ದನಿ ಹೇಳಿತು. ಫೋನು ಕಟ್ಟಾಯಿತು.

“ಪಾಪ, ಏನೋ ಕೇಳ್ಬೇಕು ಅಂತಿದ್ದ” ಎಂದರು ಗಂಡ.

“ಕೇಳಿದ್ನಲ್ಲ, ಹೇಳಿದ್ನಲ್ಲ” ಎಂದು ಅವಳು ಯಂತ್ರದ ಚಕ್ರ ತಿರುಗಿಸಿದಳು.

ಮಾರನೆಯ ದಿನ ಹನ್ನೊಂದೂ ಮುಕ್ಕಾಲಿನ ಹೊತ್ತಿಗೆ ಅಂಗಡಿಯಲ್ಲಿ ಒಬ್ಬ ಗಿರಾಕಿ ಇದ್ದ. ಮೋಟಾರ್ ಬೈಕಿನಲ್ಲಿ ಔಷಧಿ ಪೆಟ್ಟಿಗೆ ಸಾಗಿಸುವವನು. ಬೈಕಿನ ಮೇಲೆ ಕೂತಾಗ ಕೋಟಿನ ಬೆನ್ನು ಮೇಲೇರುತ್ತದೆ ಎಂಬುದು ಅವನ ದೂರು. ಅದಕ್ಕೆ ತೊಗಲಕ್ಕ ಅವನನ್ನು ಕುರ್ಚಿಯ ಮೇಲೆ ತಿರುವುಮುರುವಾಗಿ ಕೂರಿಸಿ, ಎರಡೂ ಕೈಗೆ ಒಂದು ಪೊರಕೆ ಕೋಲನ್ನು ಹ್ಯಾಂಡಲ್ಲಿನಂತೆ ಹಿಡಿಸಿ, ಮೈಮೇಲಿನ ಕೋರಾ ಬಟ್ಟೆಗೆ ಗೆರೆ ಎಳೆಯುತ್ತಿದ್ದಳು. ಸೀಮೆಸುಣ್ಣ ಮುಗಿಯಿತು. ಹೊಸದು ಗುರುಗಳ ಹಳೆಯ ಚೀಲದಲ್ಲಿತ್ತು. ಕಸುಬು ಕಲಿಸಿದ ಆ ಮುದುಕರು ಹೋಗುವಾಗ ಕೊಟ್ಟ ತೊಗಲಿನ ಚೀಲ ಅದು. ಕಪಾಟಿನ ಮೇಲೆ ಇರುತ್ತದೆ. ಕೈ ಹಾಕಿ ತೆಗೆದಳು, ಯಾವತ್ತಿನಂತೆ ಅಂಗೈಗೆ ಅಂಟಿದ ಪುಡಿಯನ್ನು ಏಪ್ರನ್ನಿಗೆ ಒರೆಸಿದಳು. ಒರೆಸಿದ ಕೈ ಅಲ್ಲೇ ನಿಂತಿತು.

ಪುಡಿ ಇಟ್ಟಿಗೆಯ ಬಣ್ಣದ್ದು. ಚೀಲದ ಹತ್ತಿರ ಕಬ್ಬಿಣವೂ ಇರಲಿಲ್ಲ, ತುಕ್ಕೂ ಇರಲಿಲ್ಲ.

ಹಿಂದೆ ಮರದ ತೊಗಟೆಯ ರಸದಲ್ಲಿ ಹದ ಮಾಡುತ್ತಿದ್ದ ತೊಗಲಿಗೆ, ಎಷ್ಟೋ ವರ್ಷ ಕಾವಿರುವ ಜಾಗದಲ್ಲಿ ಬಿದ್ದಿದ್ದರೆ, ಒಂದು ರೋಗ ಹಿಡಿಯುತ್ತದೆ. ಒಳಗಿಂದ ಒಳಗೇ ಕೆಂಪು ಪುಡಿಯಾಗುತ್ತದೆ. ಅಂಥದ್ದಕ್ಕೆ ನೀರು ಸೋಕಿಸಬಾರದು. ಸೋಕಿದಲ್ಲೆಲ್ಲ ಕರ್ರಗಾಗಿ, ಒಣಗಿದ ಮೇಲೆ ಹಲಗೆಯಂತೆ ಬಿಗಿದು, ಬಗ್ಗಿಸಿದರೆ ಒಡೆಯುತ್ತದೆ. ಮತ್ತೆ ಅದನ್ನು ಸರಿ ಮಾಡುವ ವಿದ್ಯೆ ಯಾರ ಬಳಿಯೂ ಇಲ್ಲ. ಇದನ್ನು ಗುರುಗಳು ಇದೇ ಚೀಲ ತೋರಿಸಿ ಹೇಳಿಕೊಟ್ಟಿದ್ದರು. ಈಗಿನ ಕೋಟಿನ ತೊಗಲು ರಾಸಾಯನಿಕದಲ್ಲಿ ಹದವಾಗಿ ಬರುವುದರಿಂದ ಅದಕ್ಕೆ ಈ ರೋಗವಿಲ್ಲ. ಮೂವತ್ತು ವರ್ಷ ಅದನ್ನೇ ಹೊಲಿದು ಅವಳು ಹಳೆಯದನ್ನು ಮರೆತಿದ್ದಳು. ದಿನಾ ಕೈಗೆ ಮೆತ್ತಿಕೊಳ್ಳುತ್ತಿದ್ದರೂ ಮರೆತಿದ್ದಳು!

“ರೀ, ನಿನ್ನೆ ಆ ಕೋಟಿನವನು ಎಷ್ಟು ಗಂಟೆಗೆ ಒರೆಸ್ತೀನಿ ಅಂದ?”

“ಮಧ್ಯಾಹ್ನ ಅಂದ. ಯಾಕೆ?”

“ಮನೆ ಎಲ್ಲಿ ಅಂದ?”

“ಅದನ್ನ ಹೇಳೋಕೆ ನೀನು ಎಲ್ಲಿ ಬಿಟ್ಟೆ?”

“ನೀವಾದ್ರೂ ನನ್ನ ತಡೀಬಾರದಾಗಿತ್ತಾ?”

“ನಿನ್ನ ತಡೆಯೋಕೆ ನನ್ನ ಹಳೇ ಸೀಟಿ ಬೇಕು ಕಣೇ. ಅದನ್ನ ಡಿಪೋಗೆ ವಾಪಸ್ ಕೊಟ್ಬಿಟ್ಟೆ.”

ಅವಳಿಗೆ ನಗು ಬರಲಿಲ್ಲ. ಸೀಮೆಸುಣ್ಣ ಮೇಜಿನ ಮೇಲೆ ಎಸೆದು ಮೆಟ್ಟಿಲ ಕಡೆ ಓಡಿದಳು.

“ಅಕ್ಕಾ, ನಾನು?” ಎಂದ ಪೊರಕೆ ಹಿಡಿದವನು.

“ಹಾಗೇ ಇರಿ, ಬಂದೆ” ಎಂದಳು ಅರ್ಧ ಮೆಟ್ಟಿಲಿನಿಂದ.

ಸುಳಿವು ಒಂದೇ ಇತ್ತು, ಗುಂಡಿ ಅಂಗಡಿ. ಅದು ಎರಡು ಬೀದಿ ಆಚೆ. ಆ ಎರಡು ಬೀದಿಯಲ್ಲಿ ತೊಗಲಕ್ಕ ಎಂಟು ತಿಂಗಳಿಂದ ಕಾಲಿಟ್ಟಿರಲಿಲ್ಲ. ಎಡಗಡೆಗೆ ಎಳೆಯುವ ಜಿಪ್ ಬೇಕೆಂದರೆ ಬಲಗಡೆಯದು ಕಳಿಸಿದ್ದಾನೆಂದು ಅಂಗಡಿ ತುಂಬ ಜನರ ಮುಂದೆ ಅಂಗಡಿಯವನಿಗೆ ಮಂಗಳಾರತಿ ಎತ್ತಿದ್ದಳು. ಅವನು ಮೂರು ಸಲ ಬಾಯಿ ತೆರೆದಿದ್ದ, ಮೂರು ಸಲವೂ ಅವಳು ಮುಚ್ಚಿಸಿದ್ದಳು. ಮನೆಗೆ ಬಂದು ನೋಡಿದರೆ ತಾನೇ ಜಿಪ್ಪನ್ನು ತಲೆಕೆಳಗಾಗಿ ಹಿಡಿದಿದ್ದಳು. ಹೋಗಿ ಕ್ಷಮೆ ಕೇಳುವ ಬದಲು ಬೇರೆ ಅಂಗಡಿ ಹುಡುಕಿಕೊಂಡಳು. ಇಂಥ ವಿಷಯದಲ್ಲಿ ಅವಳು ಚಿಕ್ಕ ಮಗು.

ಗುಂಡಿ ಅಂಗಡಿಯವನು ಒಂದು ತಟ್ಟೆಯಲ್ಲಿ ಬೆರೆತುಹೋದ ಗುಂಡಿಗಳನ್ನು ಎರಡು ಕಣ್ಣಿನದು, ನಾಲ್ಕು ಕಣ್ಣಿನದು ಎಂದು ಬೇರೆ ಮಾಡುತ್ತಿದ್ದ. ಏದುಸಿರು ಬಿಡುತ್ತ ನಿಂತವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡ.

“ಹಳೇ ಕೋಟಿನವನೊಬ್ಬನಿಗೆ ನನ್ನ ನಂಬರ್ ಕೊಟ್ಟಿದ್ರಲ್ಲ, ಅವನ ಮನೆ ಎಲ್ಲಿ? ಬೇಗ ಹೇಳಿ.”

“ಬನ್ನಿ ಅಕ್ಕಾವ್ರೇ. ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ.”

“ಹಾಗಾದ್ರೆ ನಂಗೂ ನೆನಪಾಗಲ್ಲ.”

ತೊಗಲಕ್ಕ ಕೂತಳು. ಮುಳ್ಳಿನ ಮೇಲೆ ಕೂತಂತೆ, ಕುರ್ಚಿಯ ಅಂಚಿನಲ್ಲಿ, ಎರಡು ಕೈಯನ್ನೂ ಮೊಣಕಾಲ ಮಧ್ಯೆ ಒತ್ತಿಕೊಂಡು. ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಅವನು ನಾಲ್ಕು ಕಣ್ಣಿನ ಗುಂಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟು, ನಿಧಾನವಾಗಿ ಶುರು ಮಾಡಿದ.

“ಸೋಮವಾರ ಬಂದಿದ್ದ. ದಪ್ಪನೆಯ ಆಳು, ನಲವತ್ತರ ಆಸುಪಾಸು. ಒಂದು ಕಿತ್ತ ಗುಂಡಿ ತೋರಿಸಿದ. ಇದರ ಜೋಡಿ ಬೇಕಾ ಅಂದೆ. ಬೇಡ ಅಂದ. ಇಂಥ ಗುಂಡಿ ಯಾವ ಕಾಲದ್ದು, ಎಂಥವರು ಹಾಕ್ತಿದ್ರು, ಹೇಳೋಕಾಗುತ್ತಾ ಅಂತ ಕೇಳಿದ.”

“ಹೊಲಿಯೋಕೆ ಕೇಳಲಿಲ್ವಾ?” ಎಂದಳು, ತಡೆಯಲಾರದೆ.

ಅವನು ಗುಂಡಿ ಆರಿಸುವುದನ್ನು ನಿಲ್ಲಿಸಿದ. ಅವಳು ತುಟಿ ಕಚ್ಚಿಕೊಂಡಳು.

“ಇಲ್ಲ. ನಂಗೇನು ಗೊತ್ತು ಎಂಥವರು ಹಾಕ್ತಿದ್ರು ಅಂತ? ಕೋಟು ತೊಗಲಿಂದು ಅಂದ, ನಿಮ್ಮ ನಂಬರ್ ಕೊಟ್ಟೆ. ಕೊಡ್ತಾನೇ ಹೇಳಿದ್ದೆ, ಆಕೆ ಮಾತು ಮುಗಿಸೋಕೆ ಬಿಡಲ್ಲ, ಮುಖ್ಯವಾದ್ದು ಮೊದಲೇ ಹೇಳ್ಬಿಡಪ್ಪ ಅಂತ. ಅವನು ಸಂಕೋಚದ ಮನುಷ್ಯ. ಹೇಳಿದಂಗೆ ಕಾಣಲ್ಲ.”

ತೊಗಲಕ್ಕನ ಮುಖ ಕೆಂಪೇರಿತು. ಆದರೂ ಕೂತೇ ಇದ್ದಳು.

“ಮರದ ಅಡ್ಡೆಯಲ್ಲಿ ಲಾರಿ ತೂಗೋನು. ಬೇಕರಿ ಹಿಂದುಗಡೆ, ಹೊರಗಿನ ಮೆಟ್ಟಿಲು, ಮಹಡಿ ಮೇಲೆ ಹಸಿರು ಬಾಗಿಲು” ಎಂದು ಅವನು ಕೊನೆಗೂ ಮುಗಿಸಿದ.

ಅವಳು ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು. “ಆ ಜಿಪ್ಪು... ನಾನೇ ತಲೆಕೆಳಗೆ ಹಿಡಿದಿದ್ದೆ.”

“ಗೊತ್ತು. ಅವತ್ತು ಅದನ್ನೇ ಹೇಳೋಕೆ ಹೋಗಿದ್ದೆ” ಎಂದ ಅವನು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಸರಿಮಾಡಿಸುವ ಆಸೆಯೇ ಇಲ್ಲದವನು ಏನು ಕೇಳಬೇಕೆಂದಿದ್ದ? ಎಂಥವರು ಹಾಕುತ್ತಿದ್ದರು ಎಂದನಂತೆ. ಮಾರುಕಟ್ಟೆಯ ಜನ ಅಡ್ಡ ಬಂದರು, ತಳ್ಳುಗಾಡಿ ಅಡ್ಡ ಬಂತು, ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಊರಿಗೆಲ್ಲ ತೊಗಲಿನ ಬುದ್ಧಿ ಹೇಳುವವಳು ತನ್ನ ಚಪ್ಪಲಿಯನ್ನು ಎಳೆದುಕೊಂಡು ಓಡಿದಳು. ಹಸಿರು ಬಾಗಿಲು ತಲುಪುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಹಾಸಿದ ಪತ್ರಿಕೆ, ಅದರ ಮೇಲೆ ಕಂದು ಕೋಟು, ಪಕ್ಕದಲ್ಲಿ ನೀರಿನ ಬೋಗುಣಿ. ದಪ್ಪ ಮೈಕಟ್ಟಿನವನೊಬ್ಬ ಬಟ್ಟೆ ಹಿಂಡಿ ಕಾಲರಿನ ಕಡೆ ಕೈ ಚಾಚುತ್ತಿದ್ದ.

“ಮುಟ್ಟಬೇಡಿ!”

ಅವನ ಕೈಯಿಂದ ಬಟ್ಟೆ ಬಿತ್ತು. “ಯಾರಮ್ಮ ನೀವು?”

“ನಿನ್ನೆ ಫೋನಲ್ಲಿ ನಿಮ್ಮ ಬಾಯಿ ಮುಚ್ಚಿಸಿದವಳು.”

ಬಲತೋಳು ಭುಜದಿಂದ ತುದಿಯವರೆಗೆ ಕರ್ರಗಾಗಿತ್ತು. ಅವಳು ಬೆರಳಿಂದ ಒತ್ತಿದಳು. ಒಣಗುತ್ತ ಬಂದಿದ್ದ ಕಡೆ ಆಗಲೇ ಗಟ್ಟಿ.

“ನೀರು ತಾಗಿದ ಕೂಡಲೇ ಕಪ್ಪಾಯ್ತು” ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. “ನಾನೇ ಸರಿಯಾಗಿ ಒರೆಸಿಲ್ಲ ಅಂದ್ಕೊಂಡು ಇನ್ನೊಂದ್ಸಲ ಚೆನ್ನಾಗಿ ಒರೆಸಿದೆ.”

“ತಪ್ಪು ನಿಮ್ಮದಲ್ಲ, ನಂದು” ಎಂದಳು ತೊಗಲಕ್ಕ. ಕೆಂಪು ಪುಡಿಯ ವಿಷಯವನ್ನು ಬಿಡಿಸಿ ಹೇಳಿದಳು. “ನೀವು ಕೆಂಪಗೆ ಅಂದ್ರಿ. ಆ ಮಾತು ಮುಗಿಯೋಕೆ ಬಿಟ್ಟಿದ್ರೆ ನಂಗೆ ಗೊತ್ತಾಗ್ತಿತ್ತು. ಈ ತೋಳು ಇನ್ನು ಸರಿಹೋಗಲ್ಲ. ಕೋಟನ್ನ ಯಾರೂ ತೊಡೋಕೂ ಆಗಲ್ಲ.”

ಅವನು ತಲೆಯಾಡಿಸಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

“ನಿನ್ನೆ ಏನು ಕೇಳ್ಬೇಕು ಅಂತಿದ್ರಿ?”

“ಬಿಡಿ ಅಕ್ಕಾ.”

“ಹೇಳಿ. ನಾನು ನಡುವೆ ಬಾಯಿ ಹಾಕಲ್ಲ.” ಯಾರೂ ಹೇಳದೆಯೇ ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

ಅವನು ಕಿಟಕಿಯ ಕಡೆ ಮುಖ ಮಾಡಿ ಹೇಳಿದ. “ಕೋಟು ನೋಡಿ, ಅದನ್ನ ಹಾಕ್ಕೊಂಡವರು ಹೆಂಗಿದ್ರು ಅಂತ ಹೇಳೋಕಾಗುತ್ತಾ? ನಾನು ನಮ್ಮಪ್ಪನ್ನ ನೋಡಿದ ನೆನಪಿಲ್ಲ. ಫೋಟೋನೂ ಇಲ್ಲ. ನಾನು ಚಿಕ್ಕೋನಿರುವಾಗಲೇ ಬಿಟ್ಟು ಹೋದ್ರಂತೆ. ಅಮ್ಮ ಆ ವಿಷಯ ಎತ್ತೋ ಹಾಗೇ ಇರಲಿಲ್ಲ. ಎತ್ತಿದ್ರೆ ಒಂದೇ ಮಾತು, ‘ನಿನ್ನನ್ನ ಒಂದು ದಿನ ಎತ್ತಿಕೊಂಡವನಲ್ಲ’ ಅಂತ. ಅಮ್ಮ ಹೋಗಿ ಎರಡು ವರ್ಷ ಆಯ್ತು. ಹೋದ ತಿಂಗಳು ದೊಡ್ಡಪ್ಪ ಹೋದ್ರು. ಅವರ ಟ್ರಂಕಲ್ಲಿ ಇದಿತ್ತು. ‘ತಮ್ಮನ ಕೋಟು’ ಅಂತ ಒಂದು ಚೀಟಿ ಇಟ್ಟಿದ್ರು. ತೂಕದ ಕಟ್ಟೇಲಿ ನಾನು ದಿನಾ ಲಾರಿ ನೋಡ್ತೀನಿ. ಚಕ್ರ ಕೂತಿರೋದು ನೋಡೇ ಒಳಗೆ ಎಷ್ಟು ಭಾರ ಇದೆ ಅಂತ ಹೇಳ್ತೀನಿ. ಹಂಗೇ ನಿಮಗೂ ಏನಾದ್ರೂ ಕಾಣಬಹುದು ಅಂತ ಅಂದ್ಕೊಂಡೆ. ಅಷ್ಟೇ.”

ಅವನು ಮುಗಿಸಿದ ಮೇಲೂ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು, ಇನ್ನೇನಾದರೂ ಇದ್ದೀತು ಎಂದು. ಆಮೇಲೆ ಎದ್ದು ಮೇಜನ್ನು ಕಿಟಕಿಯ ಬೆಳಕಿಗೆ ಎಳೆಸಿ, ಏಪ್ರನ್ನಿನ ಕಿಸೆಯಿಂದ ಭೂತಗನ್ನಡಿ ತೆಗೆದಳು. ತೊಗಲಿನ ಬಟ್ಟೆ ತನ್ನನ್ನು ತೊಟ್ಟವರನ್ನು ಮರೆಯುವುದಿಲ್ಲ. ಮೈ ಎಲ್ಲಿ ಬಗ್ಗುತ್ತದೋ ಅಲ್ಲಿ ಸುಕ್ಕು, ಎಲ್ಲಿ ಉಜ್ಜುತ್ತದೋ ಅಲ್ಲಿ ಸವೆತ. ಅದನ್ನು ಓದುವುದು ಅವಳ ನಿತ್ಯದ ಕೆಲಸ. ಹಳೆಯ ಕೋಟು ತಂದವರಿಗೆ ಹೊಸದರ ಅಳತೆಯನ್ನು ಅವಳು ಅರ್ಧ ಅದರಿಂದಲೇ ತೆಗೆಯುತ್ತಾಳೆ.

“ಕೈ ಚಾಚಿ” ಎಂದಳು. ಅವನ ಎಡಗೈಯ ಪಕ್ಕ ಕೋಟಿನ ಎಡತೋಳನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದಳು. “ಮೊಣಕೈ ಸುಕ್ಕು ನಿಮ್ಮ ಮೊಣಕೈಗೇ ಬರುತ್ತೆ. ನಿಮ್ಮಷ್ಟೇ ಎತ್ತರ ಇದ್ರು. ಇಷ್ಟು ದಪ್ಪ ಇರಲಿಲ್ಲ. ಎಡಭುಜ ಸ್ವಲ್ಪ ಕೆಳಗೆ. ಸುಮ್ಮನೆ ನಿಂತಾಗ ಕಿಸೇಲಿ ಕೈ ಇಟ್ಕೊಳ್ಳೋ ಅಭ್ಯಾಸ, ನೋಡಿ, ಕಿಸೆ ಬಾಯಿ ಹೆಂಗೆ ಸವೆದಿದೆ.”

ಅವನು ತನ್ನ ಬಲಗೈಯನ್ನು ಪ್ಯಾಂಟಿನ ಕಿಸೆಯಿಂದ ಮೆಲ್ಲಗೆ ಹೊರಗೆ ತೆಗೆದ.

“ಏನು ಕೆಲಸ ಮಾಡ್ತಿದ್ರು?”

ತೊಗಲಕ್ಕ ಕಪ್ಪಾದ ತೋಳನ್ನು ನೋಡಿದಳು. “ಅದು ಬಲತೋಳಿನ ಸುಕ್ಕಲ್ಲಿ ಗೊತ್ತಾಗ್ತಿತ್ತು. ಬರೆಯೋರದ್ದು ಒಂದು ಥರ, ಗಾಡಿ ಓಡಿಸೋರದ್ದು ಒಂದು ಥರ. ಅದನ್ನ ನಾನು ಅಳಿಸಿಬಿಟ್ಟೆ.” ಇಷ್ಟು ವರ್ಷದಲ್ಲಿ ಅವಳು ಎಷ್ಟೋ ತೊಗಲು ಹಾಳುಮಾಡಿದ್ದಾಳೆ, ಆದರೆ ಒಬ್ಬ ಮನುಷ್ಯನ ಬಲಗೈಯನ್ನೇ ಅಳಿಸಿದ್ದು ಇದೇ ಮೊದಲು.

ಎಡತೋಳಿಗೆ ಮರಳಿದಳು. ಒಳಮಡಿಕೆಯ ಸುಕ್ಕುಗಳು ವಿಪರೀತ ಆಳವಾಗಿದ್ದವು, ಕೈಯನ್ನು ಗಂಟೆಗಟ್ಟಲೆ ಮಡಿಸಿ ಹಿಡಿದವರದ್ದು ಹಾಗಿರುತ್ತದೆ. ಅಲ್ಲಿಂದ ಎದೆಗೆ, ಎದೆಯಿಂದ ಕಾಲರಿಗೆ ಬಂದಳು. ಎಡತುದಿಯಲ್ಲಿ ಭೂತಗನ್ನಡಿ ನಿಂತಿತು. ಬಹಳ ಹೊತ್ತು ನಿಂತಿತು. ಅವಳ ಬಾಯಿಯ ತುದಿಗೆ ಉತ್ತರ ಬಂದೇ ಬಿಟ್ಟಿತ್ತು. ಅದನ್ನು ನುಂಗಿಕೊಂಡಳು. ಇಂಥ ಮಾತನ್ನು ತಪ್ಪಾಗಿ ಹೇಳುವ ಹಾಗಿರಲಿಲ್ಲ.

“ಮನೇಲಿ ಆಗ ನಾಯಿ ಇತ್ತಾ?”

“ಇಲ್ಲ. ಅಮ್ಮನಿಗೆ ನಾಯಿ ಕಂಡ್ರೆ ಆಗ್ತಿರಲಿಲ್ಲ.”

“ನಿಮಗೆ ಅಣ್ಣ, ಅಕ್ಕ?”

“ನಾನೊಬ್ಬನೇ.”

“ನಿಮ್ಮ ದೊಡ್ಡಪ್ಪನಿಗೆ ಮಕ್ಕಳು?”

“ಅವರು ಮದುವೇನೇ ಆಗಲಿಲ್ಲ. ಯಾಕಕ್ಕಾ?”

“ಇಲ್ಲಿ ಬನ್ನಿ.” ಅವನ ಕೈಗೆ ಭೂತಗನ್ನಡಿ ಕೊಟ್ಟಳು. “ಕಾಲರಿನ ತುದಿ ನೋಡಿ. ಮೇಲುಗಡೆ ಎರಡು ಸಣ್ಣ ಗುಳಿ, ಕೆಳಗಡೆ ಎರಡು. ಇಲಿ ಆಗಿದ್ರೆ ಕತ್ತರಿಸಿಕೊಂಡು ಹೋಗ್ತಿತ್ತು. ನಾಯಿಮರಿ ಆಗಿದ್ರೆ ತೂತು ಬೀಳ್ತಿತ್ತು. ಇದು ಒತ್ತಿರೋದು, ಚೀಪಿರೋದು. ಮಗುವಿನ ಹಲ್ಲು. ಎಂಟೊಂಬತ್ತು ತಿಂಗಳಿಗೆ ಮುಂದಿನ ನಾಲ್ಕು ಹಲ್ಲು ಬಂದಿರುತ್ತಲ್ಲ, ಅದು. ಒಂದು ದಿನದ್ದಲ್ಲ, ಒಂದರ ಮೇಲೊಂದು ಬಿದ್ದಿವೆ. ಎಲ್ಲಾ ಒಂದೇ ಕಡೆಯಿಂದ. ಕೋಟು ಕೆಳಗೆ ಬಿದ್ದಿದ್ದಾಗ ಕಚ್ಚಿದ್ರೆ ದಿಕ್ಕಾಪಾಲಾಗಿ ಇರ್ತಿತ್ತು. ಕೋಟು ಮೈಮೇಲಿದ್ದು, ಮಗು ಎಡಗೈಲಿದ್ರೆ ಮಾತ್ರ ಹೀಗೆ ಬೀಳುತ್ತೆ.”

ಅವನು ಕಾಲರಿನ ಮೇಲೆ ಬಗ್ಗಿದ್ದ. ಅವನ ಮುಂದೆಯೇ ಬೋಗುಣಿ ಇತ್ತು, ಅದರ ನೀರು ಕೆಂಪಗಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಆ ನಾಲ್ಕು ಗುಳಿಗಳೂ ಅದರೊಳಗೆ ಇರುತ್ತಿದ್ದವು. ತೊಗಲಕ್ಕ ಅದನ್ನು ಎತ್ತಿ ದೂರದ ಮೂಲೆಯಲ್ಲಿಟ್ಟು ಬಂದಳು.

“ಯಾವ ಮಗು ಅಂತ ತೊಗಲು ಹೇಳಲ್ಲ” ಎಂದಳು. ಹೇಳಲೇಬೇಕಾಗಿತ್ತು, ಹೇಳಿದಳು. “ನಿಮ್ಮಮ್ಮ ಯಾಕೆ ಹಾಗಂದ್ರೋ, ಅದೂ ನಂಗೆ ಗೊತ್ತಿಲ್ಲ.”

ಅವನು ತನ್ನ ದಪ್ಪ ಹೆಬ್ಬೆರಳನ್ನು ಕಾಲರಿನ ತುದಿಯ ಹತ್ತಿರ ತಂದು, ಮುಟ್ಟದೆ ಹಾಗೇ ಹಿಡಿದಿದ್ದ. ಕೆಳಗಿನ ಬೇಕರಿಯಲ್ಲಿ ಯಾರೋ ತಗಡಿನ ತಟ್ಟೆ ಬೀಳಿಸಿದರು. ತೊಗಲಕ್ಕನಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಆ ಕಪ್ಪು ತೋಳು ಅವಳ ಕಣ್ಣಿಗೆ ಚುಚ್ಚುತ್ತಿತ್ತು.

“ಪುಡಿ ಉದುರದ ಹಾಗೆ ಏನಾದ್ರೂ ಹಚ್ಚೋಕಾಗುತ್ತಾ, ತೊಗಲಿನ ರಟ್ಟು ಹಾಕಿ ಹಳೇ ಪುಸ್ತಕ ಕಟ್ಟೋರನ್ನ ಕೇಳ್ತೀನಿ. ಅದು ನಂಗೆ ಗೊತ್ತಿಲ್ಲದ ವಿದ್ಯೆ” ಎಂದಳು. “ಆದ್ರೆ ಈ ತೋಳು... ನಾನು ಏನು ಮಾಡಿದ್ರೂ...”

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು, ಮುಖದಲ್ಲಿ ಎಳೆಯ ಹುಡುಗನ ನಗು ಇತ್ತು.

“ಆ ತೋಳು ಹೋದ್ರೆ ಹೋಗ್ಲಿ ಬಿಡಿ ಅಕ್ಕಾ” ಎಂದ. “ಅದು ಬಲಗಡೇದು. ನನ್ನ ಎತ್ತಿಕೊಂಡಿದ್ದು ಎಡಗಡೆ ಅಲ್ವಾ.”

ತೊಗಲಕ್ಕ ಏನೋ ಹೇಳಲು ಬಾಯಿ ತೆರೆದಳು. ಹೇಳದೆ, ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.